ಒಳಾಂಗಣ ಸ್ಥಾನಪತ್ತೆ ವ್ಯವಸ್ಥೆಯ ತುಲನಾ ವರದಿ ದಾರಿ ತಪ್ಪಿಸಿರುವ ಬಗ್ಗೆ ದೂರು

ಇವರಿಂದ:
ಮುಖ್ಯಸ್ಥರು, ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗ,
ಖಾಸಗಿ ಆಸ್ಪತ್ರೆ, ಧಾರವಾಡ

ಇವರಿಗೆ:
ವ್ಯವಸ್ಥಾಪಕ ನಿರ್ದೇಶಕರು,
ಸ್ಥಾನಪತ್ತೆ ವ್ಯವಸ್ಥೆ ಪೂರೈಸಿದ ಸಂಸ್ಥೆ, ಬೆಂಗಳೂರು

ಉಲ್ಲೇಖ: ತಮ್ಮ ದರಪಟ್ಟಿಯೊಂದಿಗೆ ಸಲ್ಲಿಸಿದ ತುಲನಾ ವರದಿ ಮತ್ತು ನಮ್ಮ ಖರೀದಿ ಆದೇಶ

ಮಾನ್ಯರೇ,

ನಮ್ಮ ಆಸ್ಪತ್ರೆಯ ಇನ್‌ಫ್ಯೂಷನ್ ಪಂಪ್, ಸಿರಿಂಜ್ ಪಂಪ್, ವೆಂಟಿಲೇಟರ್ ಮತ್ತು ಡಿಫಿಬ್ರಿಲೇಟರ್‌ಗಳು ಯಾವ ಹೊತ್ತಿನಲ್ಲಿ ಯಾವ ಕೋಣೆಯಲ್ಲಿವೆ ಎಂಬುದು ನರ್ಸಿಂಗ್ ಸಿಬ್ಬಂದಿಗೆ ತಕ್ಷಣ ತಿಳಿಯಬೇಕೆಂಬ ಒಂದೇ ಉದ್ದೇಶದಿಂದ ತಮ್ಮ ಸಂಸ್ಥೆಯ ಬ್ಲೂಟೂತ್ ಆಧಾರಿತ ಸ್ಥಾನಪತ್ತೆ ವ್ಯವಸ್ಥೆಯನ್ನು ನಾವು ಖರೀದಿಸಿದ್ದೇವೆ. ಬ್ಲೂಟೂತ್, ವೈಫೈ ಮತ್ತು ಅಲ್ಟ್ರಾ ವೈಡ್‌ಬ್ಯಾಂಡ್ (ಅತಿ ಕಿರು ರೇಡಿಯೊ ಸಂಕೇತಗಳಿಂದ ದೂರ ಅಳೆಯುವ ವಿಧಾನ) ಈ ಮೂರನ್ನೂ ಹೋಲಿಸಿ ತಾವು ಕೊಟ್ಟ ವರದಿಯೇ ನಮ್ಮ ಖರೀದಿ ಸಮಿತಿಯ ತೀರ್ಮಾನಕ್ಕೆ ಮುಖ್ಯ ಆಧಾರವಾಗಿತ್ತು. ವ್ಯವಸ್ಥೆ ಚಾಲನೆಗೆ ಬಂದಂದಿನಿಂದ, ಎರಡನೇ ಮಹಡಿಯ ಐಸಿಯುನಲ್ಲಿರುವ ಪಂಪು ಪರದೆಯ ಮೇಲೆ ಮೊದಲ ಮಹಡಿಯ ವಾರ್ಡಿನಲ್ಲಿ ಕಾಣಿಸಿಕೊಳ್ಳುವುದು, ಒಂದು ಕೋಣೆಯ ವೆಂಟಿಲೇಟರ್ ಪಕ್ಕದ ಕೋಣೆಯದೆಂದು ತೋರುವುದು ಪದೇ ಪದೇ ನಡೆಯುತ್ತಿದೆ. ಈ ಬಗ್ಗೆ ತಮ್ಮ ಸೇವಾ ವಿಭಾಗಕ್ಕೆ ಹಲವು ಬಾರಿ ಬರೆದಾಗಲೂ ಬಂದ ಉತ್ತರ ಒಂದೇ: ವ್ಯವಸ್ಥೆಯು ವರದಿಯಲ್ಲಿ ಹೇಳಿದ ನಿಖರತೆಯೊಳಗೇ ಕೆಲಸ ಮಾಡುತ್ತಿದೆ. ಹಾಗಾಗಿ ವರದಿಯನ್ನೇ ಮತ್ತೊಮ್ಮೆ ಸಾಲುಸಾಲಾಗಿ ಪರಿಶೀಲಿಸಿದೆ. ದೋಷದ ಮೂಲ ಅಲ್ಲಿಯೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದಾಗಿ, ಆ ವರದಿಯಲ್ಲಿ ಹೋಲಿಕೆಯೇ ನಡೆದಿಲ್ಲ. ತಮ್ಮ ವ್ಯವಸ್ಥೆಯ ಅಂಕಿಯನ್ನು ತಮ್ಮದೇ ಪ್ರದರ್ಶನ ಸಭಾಂಗಣದಲ್ಲಿ, ಉಪಕರಣಗಳಿಗೆ ಅಂಟಿಸುವ, ಸಂಕೇತ ಕಳುಹಿಸುವ ಟ್ಯಾಗುಗಳನ್ನು ಸ್ಟ್ಯಾಂಡಿನ ಮೇಲಿಟ್ಟು, ನಡುವೆ ಯಾವ ಅಡ್ಡಿಯೂ ಇಲ್ಲದಂತೆ ಅಳೆಯಲಾಗಿದೆ. ಪೈಪೋಟಿಯ ವ್ಯವಸ್ಥೆಗಳ ಅಂಕಿಗಳನ್ನು ಬೇರೆಡೆ ಪ್ರಕಟವಾದ ಕೈಪಿಡಿಗಳಿಂದ ತೆಗೆದುಕೊಳ್ಳಲಾಗಿದೆ, ಅದರಲ್ಲೂ ಅಲ್ಟ್ರಾ ವೈಡ್‌ಬ್ಯಾಂಡಿಗೆ ಕಾಂಕ್ರೀಟ್ ಗೋಡೆಯಾಚೆ ಇದ್ದ ಟ್ಯಾಗಿನ ಅಳತೆಯನ್ನು ಆರಿಸಿಕೊಳ್ಳಲಾಗಿದೆ. ಸಂಕೇತ ಕ್ರಮಿಸಿದ ಕಾಲವನ್ನು ಅಳೆಯುವ ಆ ವಿಧಾನದಲ್ಲಿ ಒಂದು ನ್ಯಾನೊಸೆಕೆಂಡಿನ ವ್ಯತ್ಯಾಸವೆಂದರೆ ಸುಮಾರು 30 ಸೆಂಟಿಮೀಟರ್. ನೇರ ದಾರಿ ಮುಚ್ಚಿಹೋಗಿ ಪ್ರತಿಫಲಿಸಿ ಬಂದ ಸಂಕೇತವನ್ನು ಅಳೆದರೆ ದೂರ ಯಾವಾಗಲೂ ಹೆಚ್ಚಾಗಿಯೇ ತೋರುತ್ತದೆ. ಒಬ್ಬರನ್ನು ಗೋಡೆಯ ಹಿಂದೆ ನಿಲ್ಲಿಸಿ, ಇನ್ನೊಬ್ಬರನ್ನು ಬಯಲಿನಲ್ಲಿ ನಿಲ್ಲಿಸಿ ಪಡೆದ ಎರಡು ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಪಕ್ಕಪಕ್ಕ ಮುದ್ರಿಸುವುದು ನ್ಯಾಯವಲ್ಲ.

ನ್ಯಾಯವಾದ ಹೋಲಿಕೆ ಹೇಗಿರುತ್ತದೆ ಎಂಬುದು ಈ ಕ್ಷೇತ್ರದಲ್ಲಿರುವ ತಮಗೆ ತಿಳಿಯದ ವಿಷಯವಲ್ಲ. 2014ರಲ್ಲಿ ಬರ್ಲಿನ್‌ನಲ್ಲಿ ಮೈಕ್ರೋಸಾಫ್ಟ್ ನಡೆಸಿದ ಒಳಾಂಗಣ ಸ್ಥಾನಪತ್ತೆ ಸ್ಪರ್ಧೆಯಲ್ಲಿ 22 ವಿಧಾನಗಳನ್ನು, ಅವುಗಳ ತಯಾರಕರಿಗೆ ಪರಿಚಯವಿಲ್ಲದ ಒಂದೇ ಸ್ಥಳದಲ್ಲಿ, ಎರಡು ದಿನಗಳ ಅವಧಿಯಲ್ಲಿ ಪರೀಕ್ಷಿಸಲಾಯಿತು. ಇಂತಹ ವ್ಯವಸ್ಥೆಗಳ ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೆಂದೇ ಐಎಸ್‌ಒ/ಐಇಸಿ 18305 ಎಂಬ ಅಂತರರಾಷ್ಟ್ರೀಯ ಮಾನದಂಡ 2016ರಲ್ಲಿ ಪ್ರಕಟವಾಗಿದೆ. ತಮ್ಮ ವರದಿಯಲ್ಲಿ ಅದರ ಉಲ್ಲೇಖವೂ ಇಲ್ಲ, ಅದರ ಬದಲಿಗೆ ಯಾವ ಕ್ರಮವನ್ನು ಅನುಸರಿಸಲಾಯಿತು ಎಂಬ ವಿವರಣೆಯೂ ಇಲ್ಲ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತಲೂ ಗಂಭೀರವಾದದ್ದು ಅಳತೆಗೋಲಿನ ಆಯ್ಕೆ. ವರದಿ ಕೊಡುವುದು ಒಂದೇ ಒಂದು ಅಂಕಿ, ಸರಾಸರಿ ದೋಷ 1 ಮೀಟರಿಗಿಂತ ಕಡಿಮೆ ಎಂಬುದು. ಆಸ್ಪತ್ರೆಯಲ್ಲಿ ಮೀಟರಿಗಿಂತ ಗೋಡೆ ಮುಖ್ಯ. ವಿಶಾಲವಾದ ಜನರಲ್ ವಾರ್ಡಿನೊಳಗೆ ಪಂಪಿನ ಸ್ಥಾನ 3 ಮೀಟರ್ ತಪ್ಪಾಗಿ ತೋರಿದರೂ ನರ್ಸ್ ತಲೆಯೆತ್ತಿ ನೋಡಿದರೆ ಅದು ಕಣ್ಣಿಗೆ ಬೀಳುತ್ತದೆ. ಗೋಡೆಗೆ ತಾಗಿ ನಿಂತ ಪಂಪಿನ ಸ್ಥಾನ ಅರ್ಧ ಮೀಟರ್ ಆಚೆಗೆ ತೋರಿದರೆ ಅವರು ಬೇರೆಯೇ ಕೋಣೆಯ ಬಾಗಿಲು ತೆರೆಯುತ್ತಾರೆ. ಮಹಡಿಯೇ ತಪ್ಪಾದರೆ ಮೆಟ್ಟಿಲಿಳಿದು ಹೋಗಿ ಬರಿಗೈಯಲ್ಲಿ ಹತ್ತಿ ಬರುತ್ತಾರೆ. ತುರ್ತಿನಲ್ಲಿ ಡಿಫಿಬ್ರಿಲೇಟರ್ ಹುಡುಕುವವರ ಪಾಲಿಗೆ ಆ ನಿಮಿಷಗಳ ಬೆಲೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಮ್ಮೇಳನವಾದ ಐಪಿಐಎನ್‌ನೊಂದಿಗೆ ನಡೆಯುವ ಒಳಾಂಗಣ ಸ್ಥಾನಪತ್ತೆ ಸ್ಪರ್ಧೆಗಳಲ್ಲಿ ಈ ಕಾರಣಕ್ಕಾಗಿಯೇ ತಪ್ಪಾದ ಪ್ರತಿ ಮಹಡಿಗೆ 15 ಮೀಟರ್ ದಂಡವನ್ನು ದೋಷಕ್ಕೆ ಸೇರಿಸುವ ಪದ್ಧತಿಯಿದೆ. ಅಲ್ಲಿ ಅಂತಿಮ ಅಂಕವಾಗಿ ಸರಾಸರಿಯನ್ನು ತೆಗೆದುಕೊಳ್ಳದೆ, ನೂರರಲ್ಲಿ 75 ಅಳತೆಗಳು ಎಷ್ಟು ಮೀಟರಿನೊಳಗೆ ಬಂದವು ಎಂಬುದನ್ನು ತೆಗೆದುಕೊಳ್ಳುತ್ತಾರೆ. ತಮ್ಮ ವರದಿಯಲ್ಲಿ ಕೋಣೆ ಸರಿಯಾಗಿ ತೋರಿದ ಪ್ರಮಾಣವಿಲ್ಲ, ಮಹಡಿ ಸರಿಯಾಗಿ ತೋರಿದ ಪ್ರಮಾಣವಿಲ್ಲ, ಅತಿ ಕೆಟ್ಟ ಅಳತೆಗಳು ಎಷ್ಟು ಕೆಟ್ಟದಾಗಿದ್ದವು ಎಂಬ ಮಾಹಿತಿಯೂ ಇಲ್ಲ.

ಸಭಾಂಗಣದ ಅಳತೆ ನಮ್ಮ ಕಟ್ಟಡಕ್ಕೆ ಏಕೆ ಹೊಂದುವುದಿಲ್ಲ ಎಂಬುದನ್ನು ಲೆಕ್ಕದಿಂದಲೇ ತೋರಿಸಬಹುದು. ಚಾವಣಿಯಲ್ಲಿ ಅಳವಡಿಸುವ ತಮ್ಮ ಲೊಕೇಟರ್ (ಟ್ಯಾಗಿನ ಸಂಕೇತವನ್ನು ಗ್ರಹಿಸುವ ಸಾಧನ) ಸಂಕೇತ ಬಂದ ಕೋನವನ್ನು ಅಳೆಯುತ್ತದೆ. ಟ್ಯಾಗಿಗಿಂತ 3 ಮೀಟರ್ ಎತ್ತರದಲ್ಲಿರುವ ಒಂದು ಲೊಕೇಟರ್ ಕೋನದಲ್ಲಿ 5 ಡಿಗ್ರಿ ತಪ್ಪಿತೆಂದುಕೊಳ್ಳೋಣ. ನೇರ ಕೆಳಗಿರುವ ಟ್ಯಾಗಿನ ಸ್ಥಾನ ಸುಮಾರು 26 ಸೆಂಟಿಮೀಟರ್ ಮಾತ್ರ ತಪ್ಪುತ್ತದೆ. ಅಲ್ಲಿಂದ 6 ಮೀಟರ್ ಆಚೆಗಿರುವ ಟ್ಯಾಗಿನ ಸ್ಥಾನ ಸುಮಾರು 1.3 ಮೀಟರ್ ತಪ್ಪುತ್ತದೆ. ಚಾವಣಿ ತಗ್ಗಿದಷ್ಟೂ ಈ ಅಂಚಿನ ದೋಷ ಹಿಗ್ಗುತ್ತದೆ. ತಾವು ಅಳೆದದ್ದು ಎತ್ತರದ ಚಾವಣಿಯ, ಒತ್ತೊತ್ತಾಗಿ ಲೊಕೇಟರ್ ಜೋಡಿಸಿದ ಸಭಾಂಗಣದಲ್ಲಿ. ನಮ್ಮ ಹೊಸ ಕಟ್ಟಡದಲ್ಲಿ ಫಾಲ್ಸ್ ಸೀಲಿಂಗ್ ತಗ್ಗಾಗಿದೆ ಮತ್ತು ತಮ್ಮದೇ ಎಂಜಿನಿಯರುಗಳು ಹಾಕಿಕೊಟ್ಟ ನಕ್ಷೆಯಲ್ಲಿ ಲೊಕೇಟರುಗಳ ನಡುವಿನ ಅಂತರ ಅದಕ್ಕಿಂತ ಬಹಳ ಹೆಚ್ಚಿದೆ. ಇದರ ಮೇಲೆ ಉಕ್ಕಿನ ಮಂಚ, ಔಷಧಿ ಟ್ರಾಲಿ, ಎಕ್ಸ್‌ರೇ ಕೋಣೆಯ ಸೀಸದ ಹೊದಿಕೆ, ಹಾಗೂ ಹೊರರೋಗಿ ವಿಭಾಗದ ಸಮಯದಲ್ಲಿ ಕಾರಿಡಾರ್ ತುಂಬುವ ಜನ. ಬ್ಲೂಟೂತಿನ 2.4 ಗಿಗಾಹರ್ಟ್ಸ್ ಸಂಕೇತವನ್ನು ಮನುಷ್ಯನ ಶರೀರ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದನ್ನು ಬಲ್ಲ ಸಂಸ್ಥೆಯೊಂದು, ಆಸ್ಪತ್ರೆಗೆ ಮಾರುವ ವ್ಯವಸ್ಥೆಯನ್ನು ಜನರಿಲ್ಲದ ಹಾಲಿನಲ್ಲಿ ಅಳೆದು ತೃಪ್ತಿಪಟ್ಟದ್ದು ನನಗೆ ನಿಜಕ್ಕೂ ನೋವು ತಂದಿದೆ.

ಕಲ್ಲಿನ ಗೋಡೆಗಳಿರುವ ನಮ್ಮ ಹಳೆಯ ಕಟ್ಟಡದಲ್ಲಿ ವೆಚ್ಚ ಉಳಿಸಲೆಂದು ತಾವು ಬೇರೆ ವಿಧಾನವನ್ನು ಅಳವಡಿಸಿದ್ದೀರಿ: ಪ್ರತಿ ಜಾಗದ ಸಂಕೇತಬಲವನ್ನು ಮೊದಲೇ ದಾಖಲಿಸಿ ನಕ್ಷೆ ಮಾಡಿ, ಮುಂದೆ ಟ್ಯಾಗಿನ ಸಂಕೇತವನ್ನು ಆ ನಕ್ಷೆಯೊಂದಿಗೆ ಹೊಂದಿಸಿ ನೋಡುವುದು. ಹಸ್ತಾಂತರದ ದಾಖಲೆಯ ಪ್ರಕಾರ, ನಕ್ಷೆಗಾಗಿ ಅಳೆದ ಬಿಂದುಗಳಲ್ಲಿಯೇ, ಅದೇ ದಿನ, ಅದೇ ಟ್ಯಾಗುಗಳಿಂದ ಪರೀಕ್ಷೆಯನ್ನೂ ಮುಗಿಸಲಾಗಿದೆ. ಇಂತಹ ಪರೀಕ್ಷೆಯಲ್ಲಿ ಫಲಿತಾಂಶ ಚೆನ್ನಾಗಿಯೇ ಬರುತ್ತದೆ. ಸ್ಪೇನಿನ ಜೌಮೆ ಪ್ರಥಮ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಸಿದ್ಧ ವೈಫೈ ಸ್ಥಾನಪತ್ತೆ ದತ್ತಾಂಶದಲ್ಲಾದರೋ, ಪರೀಕ್ಷೆಯ ಅಳತೆಗಳನ್ನು ನಕ್ಷೆಯ ಅಳತೆಗಳಾದ ನಾಲ್ಕು ತಿಂಗಳ ನಂತರ ಬೇರೆಯಾಗಿ ಸಂಗ್ರಹಿಸಿದ್ದರು. ನಾವು ಈ ವ್ಯವಸ್ಥೆಯನ್ನು ವರ್ಷಗಟ್ಟಲೆ ಬಳಸಬೇಕಾದವರು. ಒಂದು ಬೀರು ಜಾಗ ಬದಲಿಸಿದರೂ ನಕ್ಷೆಯ ಆ ಭಾಗ ಹಳತಾಗುತ್ತದೆ ಎಂಬುದನ್ನು ಖರೀದಿಗೆ ಮೊದಲೇ ತಿಳಿಸುವುದು ತಮ್ಮ ಕರ್ತವ್ಯವಾಗಿತ್ತು.

ಬ್ಯಾಟರಿಯ ವಿಷಯವನ್ನೂ ಇಲ್ಲಿಯೇ ಹೇಳುತ್ತೇನೆ. ನಿಖರತೆಯನ್ನು ಅಳೆದಾಗ ಟ್ಯಾಗ್ ಸೆಕೆಂಡಿಗೊಮ್ಮೆ ಸಂಕೇತ ಕಳುಹಿಸುತ್ತಿತ್ತು, ಬ್ಯಾಟರಿಯ ಬಾಳಿಕೆಯನ್ನು ಲೆಕ್ಕ ಹಾಕುವಾಗ ಅರ್ಧ ನಿಮಿಷಕ್ಕೊಮ್ಮೆ ಕಳುಹಿಸುತ್ತದೆಂದು ಹಿಡಿಯಲಾಗಿದೆ. ಇವೆರಡೂ ಒಟ್ಟಿಗೆ ನಮಗೆ ಸಿಗಲಾರವು, ಆದರೂ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲಾಗಿದೆ.

ಸಮಸ್ಯೆಗೆ ಪರಿಹಾರವಾಗಿ ಹೆಚ್ಚುವರಿ ಲೊಕೇಟರುಗಳನ್ನು ಕೊಳ್ಳುವಂತೆ ತಮ್ಮ ಮಾರಾಟ ವಿಭಾಗ ಹೊಸ ದರಪಟ್ಟಿ ಕಳುಹಿಸಿದೆ. ಆ ಮೊತ್ತವನ್ನು ಮೂಲ ಬೆಲೆಗೆ ಸೇರಿಸಿದರೆ, ಅಲ್ಟ್ರಾ ವೈಡ್‌ಬ್ಯಾಂಡಿಗಿಂತ ಅಗ್ಗ ಎಂಬ ವರದಿಯ ಕೊನೆಯ ವಾದವೂ ಉಳಿಯುವುದಿಲ್ಲ. ಆದ್ದರಿಂದ ಆ ದರಪಟ್ಟಿಯನ್ನು ನಾವು ಒಪ್ಪುವುದಿಲ್ಲ.

ನಮ್ಮ ಕೋರಿಕೆ ಇಷ್ಟು. ನಮ್ಮ ಎರಡೂ ಕಟ್ಟಡಗಳಲ್ಲಿ, ತಮ್ಮ ಖರ್ಚಿನಲ್ಲಿ, ನಮ್ಮ ವಿಭಾಗದವರ ಸಮ್ಮುಖದಲ್ಲಿ ಮರುಪರೀಕ್ಷೆ ನಡೆಯಬೇಕು. ಪರೀಕ್ಷಾ ಬಿಂದುಗಳನ್ನು ನಾವು ಆರಿಸುತ್ತೇವೆ ಮತ್ತು ಅವುಗಳನ್ನು ಮುಂಚಿತವಾಗಿ ತಿಳಿಸುವುದಿಲ್ಲ. ಗೋಡೆಯಂಚು, ಬಾಗಿಲ ಬಳಿ ಹಾಗೂ ಮೆಟ್ಟಿಲ ಪಕ್ಕದ ಜಾಗಗಳು ಅವುಗಳಲ್ಲಿ ಖಂಡಿತ ಇರುತ್ತವೆ. ಟ್ಯಾಗುಗಳು ನಿಜವಾಗಿ ಬಳಕೆಯಲ್ಲಿರುವ ಪಂಪುಗಳ ಮೇಲೆಯೇ ಇರಬೇಕು, ಬ್ಯಾಟರಿಯ ಬಾಳಿಕೆಗೆ ಹಿಡಿದ ವೇಗದಲ್ಲಿಯೇ ಸಂಕೇತ ಕಳುಹಿಸಬೇಕು, ಮತ್ತು ಅಳತೆಗಳು ಹೊರರೋಗಿಗಳ ದಟ್ಟಣೆಯ ಹೊತ್ತಿನಲ್ಲೂ ರಾತ್ರಿಯಲ್ಲೂ ನಡೆಯಬೇಕು. ಕೋಣೆ ಹಾಗೂ ಮಹಡಿ ಸರಿಯಾಗಿ ತೋರಿದ ಪ್ರಮಾಣ, ನೂರರಲ್ಲಿ 95 ಅಳತೆಗಳು ಬೀಳುವ ದೋಷದ ಮಿತಿ, ಉಪಕರಣ ಸರಿದ ನಂತರ ಪರದೆಯಲ್ಲಿ ಕಾಣಲು ಹಿಡಿದ ಸಮಯ, ಇವೆಲ್ಲವನ್ನೂ ಮೂಲ ದತ್ತಾಂಶದೊಂದಿಗೆ ನಮಗೆ ಒಪ್ಪಿಸಬೇಕು. ಅಲ್ಟ್ರಾ ವೈಡ್‌ಬ್ಯಾಂಡ್ ವ್ಯವಸ್ಥೆಯೊಂದನ್ನು ಅದೇ ಬಿಂದುಗಳಲ್ಲಿ ಪರೀಕ್ಷಿಸಲು ನಾವು ಬೇರೆ ಪೂರೈಕೆದಾರರನ್ನೂ ಕರೆಯಲಿದ್ದೇವೆ, ಅದಕ್ಕೆ ತಮ್ಮ ಸಹಕಾರ ಬೇಕು.

ಪರೀಕ್ಷೆ ಮುಗಿಯುವವರೆಗೆ ಉಳಿದ ಕಂತಿನ ಪಾವತಿಯನ್ನು ತಡೆಹಿಡಿಯಲು ಆಡಳಿತ ಮಂಡಳಿ ಒಪ್ಪಿದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಪರೀಕ್ಷೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕು. ತಪ್ಪಿದಲ್ಲಿ ವ್ಯವಸ್ಥೆಯನ್ನು ಹಿಂದಿರುಗಿಸಿ ಈಗಾಗಲೇ ಪಾವತಿಸಿದ ಹಣವನ್ನು ಮರಳಿ ಪಡೆಯಲು ಒಪ್ಪಂದದ ಮಧ್ಯಸ್ಥಿಕೆ ಕಲಮಿನಡಿ ಕ್ರಮ ಕೈಗೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯಸ್ಥರು, ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗ

ಪ್ರತಿ: ವೈದ್ಯಕೀಯ ಅಧೀಕ್ಷಕರು, ಖರೀದಿ ಸಮಿತಿ, ನರ್ಸಿಂಗ್ ಅಧೀಕ್ಷಕರು