ಲಾರಿಯೇರುವ ಮನೆಗಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಶ್ರೀಧರ,

ಕುಂದಾಪುರದ ಉತ್ತರಕ್ಕೆ, ಗಾಳಿಮರಗಳ ತೋಪಿನಲ್ಲಿ ಶಾಲಾ ಮಕ್ಕಳು ತಂಡವಾಗಿ ಬಂದು ತಂಗಲೆಂದು ನಾನು ರೂಪಿಸುತ್ತಿರುವ ಮರದ ಮನೆಗಳ ನಕ್ಷೆಯನ್ನು ನೀನು ಕೇಳಿದ್ದೆ. ಕಳುಹಿಸಿದ್ದೇನೆ. ಕಡಲಂಚಿನಲ್ಲಿ ಕಟ್ಟುವ ಮತ್ತೊಬ್ಬರಿಗೂ ಉಪಯೋಗವಾದೀತೆಂದು ವಿವರವನ್ನು ಎಲ್ಲರೆದುರೇ ಬರೆಯುತ್ತಿದ್ದೇನೆ.

ಮಳೆಗಾಲಕ್ಕೆ ಮೊದಲು ಲಾರಿಯೇರಿ ಒಳನಾಡಿಗೆ ಹೋಗಬೇಕಾದ ಮನೆಗಳಿವು. ಹಾಗಾಗಿ ಮನೆಯ ಅಳತೆಯನ್ನು ನಿರ್ಧರಿಸಿದ್ದು ರಸ್ತೆ. ಲಾರಿಯ ಅಗಲ 2.6 ಮೀಟರ್ ಮೀರುವಂತಿಲ್ಲವಾದ್ದರಿಂದ ಮನೆಯ ಅಗಲ 2.4 ಮೀಟರ್, ಉದ್ದ 6 ಮೀಟರ್. ಎರಡೂ ಬದಿಗೆ ಒಂದರ ಮೇಲೊಂದರಂತೆ ನಾಲ್ಕು ನಾಲ್ಕು ಮಂಚ, ನಡುವೆ ಎರಡಡಿ ದಾರಿ. ಎಂಟು ಮಕ್ಕಳು ಮಲಗಿದ ಮೇಲೂ ಬಾಗಿಲ ಬಳಿ ಚೀಲಗಳಿಗೆ ಜಾಗ ಉಳಿಯುತ್ತದೆ. ಮಂಗಳೂರು ಹಂಚಿನ ಆಸೆಯನ್ನು ಮನಸ್ಸಿಲ್ಲದೆ ಬಿಟ್ಟೆ. ಅದರ ಭಾರವೇ ಅರ್ಧ ಟನ್ ದಾಟುತ್ತದೆ.

ಮರದ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಚೌಕಟ್ಟಿಗೆ ದೋಣಿ ಕಟ್ಟುವ ಹೆಬ್ಬಲಸು. ಕಬ್ಬಿಣದ ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬುತ್ತದೆ: ಮೊದಲು ಅದರ ಸುತ್ತ ಕಪ್ಪು ಕಲೆ, ಆಮೇಲೆ ಕೂದಲೆಳೆಯಷ್ಟು ಬಿರುಕು, ಕೊನೆಗೆ ಹಲಗೆಯೇ ಸೀಳು. ಆದ್ದರಿಂದ ಮರಕ್ಕೆ ಮರ ಕಚ್ಚಿಸಿ ಗೂಟ ಹೊಡೆಯುತ್ತೇವೆ. ಬಿಚ್ಚಲೇಬೇಕಾದ ಕಡೆ ಉಪ್ಪುಗಾಳಿಯನ್ನು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟು ಪ್ರವಾಸಿಗರ ಕೆಲವು ತಾತ್ಕಾಲಿಕ ಸೌಕರ್ಯಗಳಿಗೆ ಅವಕಾಶ ಕೊಡುತ್ತದೆಯಾದರೂ, ಮಕ್ಕಳು ನಿದ್ರಿಸುವ ಮನೆಯನ್ನು ಅಷ್ಟು ಹತ್ತಿರ ನಿಲ್ಲಿಸಲು ನಾನು ಒಪ್ಪಲಾರೆ. ನಮ್ಮ ಮನೆಗಳು 200 ಮೀಟರ್ ಆಚೆಗೇ.

ಮೇ ಕೊನೆಯಲ್ಲಿ ಮುರಕಲ್ಲಿನ ಕಂಬಗಳಿಂದ ಬಿಚ್ಚಿ, ಕ್ರೇನಿನಿಂದ ಎತ್ತಿ, ಲಾರಿಯಲ್ಲಿ ಒಳನಾಡಿಗೆ ಸಾಗಿಸುವುದು ಎಂದು ಟಿಪ್ಪಣಿ ಬರೆದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧವಿರುವುದರಿಂದ ಯಾಂತ್ರಿಕ ದೋಣಿಗಳೂ ದಡ ಸೇರಿರುತ್ತವೆ. ಅತಿಥಿಗಳ ಮನೆಯೂ ಹೊರಟುಹೋಗುತ್ತದೆ. ಮರವಂತೆಯಲ್ಲಿ ತಡೆಗೋಡೆಯ ಕಲ್ಲುಗಳ ಹಿಂದಿರುವ ಅಮ್ಮನ ಮನೆ ಮಾತ್ರ ಇದ್ದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಊರಿಗೆ ಹೋಗಲು ನನಗೆ ಭಯ, ಶ್ರೀಧರ. ಫೋನಿನಲ್ಲಿ ಊಟ, ಔಷಧ ಎಲ್ಲವನ್ನೂ ವಿಚಾರಿಸುತ್ತೇನೆ. ಕಡಲು ಎಲ್ಲಿಯವರೆಗೆ ಬಂದಿದೆಯೆಂದು ಕೇಳುವುದಿಲ್ಲ. ಎಂಟು ಮಂಚಗಳ ಬದಲು ಎರಡು ಮಂಚ, ಒಂದು ಒಲೆ, ದೇವರಿಗೊಂದು ಗೂಡು ಇರುವ ಇನ್ನೊಂದು ನಕ್ಷೆಯೂ ನನ್ನ ಮೇಜಿನಲ್ಲಿದೆ. ಅದನ್ನು ಅಮ್ಮನಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ, ಅಪ್ಪ ಕಟ್ಟಿಸಿದ ಮನೆ ಉಳಿಯುವುದಿಲ್ಲವೆಂದು ನಾನೇ ಹೇಳಿದಂತಾಗುತ್ತದೆ.

ಇರಲಿ, ಇಷ್ಟು ಬರೆಯಬೇಕೆಂದಿರಲಿಲ್ಲ. ಮೊದಲ ಮನೆ ನವೆಂಬರಿಗೆ ಸಿದ್ಧವಾಗುತ್ತದೆ. ಕಿಟಕಿಯ ಕಡೆಯ ಮೇಲಿನ ಮಂಚ ನಿನಗೆ, ಉಳಿದ ಏಳು ನಮ್ಮ ಹಾಸ್ಟೆಲಿನವರಿಗೆ. ಹಾರ್ಮೋನಿಯಂ ತರಕೂಡದೆಂದು ಭಟ್ಟರಿಗೆ ನೀನೇ ಹೇಳಬೇಕು. ಅಷ್ಟರೊಳಗೆ ಮೂರನೆಯ ಹಾಳೆಯನ್ನೊಮ್ಮೆ ನೋಡು: ಏಣಿ ಬಾಗಿಲಿಗೆ ಅಡ್ಡ ಬರುತ್ತದೆಯೋ ಏನೋ ಎಂಬ ಅನುಮಾನವಿದೆ, ನಿನಗೇನು ಅನ್ನಿಸಿತೆಂದು ಬರೆ.

ನಿನ್ನ ಗೆಳೆಯ