ಸಿಹಿ ಟಾರ್ಟಿನ ಕುರಿತು ಅಪ್ಪನವರಿಗೆ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಲಿಸ್ಬನ್ನಿನಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಿ.

ಟಾರ್ಟ್ ಎಂಬ ಸಿಹಿತಿಂಡಿಯ ಹಿನ್ನೆಲೆಯೇನು, ಅದರಲ್ಲಿ ಯಾವ ಯಾವ ಬಗೆಗಳಿವೆ ಎಂದು ತಾವು ಕೇಳಿದ್ದಿರಿ. ಮೈದಾ ಮತ್ತು ಬೆಣ್ಣೆಯ ಕಣಕವನ್ನು ಅಂಚುಳ್ಳ ಅಚ್ಚಿನಲ್ಲಿ ಹಾಸಿ, ಮೇಲೆ ಮುಚ್ಚದೆ, ಹೂರಣ ತುಂಬಿ ಓವನ್‌ನಲ್ಲಿ ಬೇಯಿಸಿದರೆ ಅದು ಟಾರ್ಟ್. ಹಣ್ಣು, ಜಾಮ್, ಬಾದಾಮಿ, ಮೊಟ್ಟೆಯ ಕಸ್ಟರ್ಡ್ ಎಂದು ಹೂರಣವನ್ನೇ ಎಲ್ಲರೂ ಹೊಗಳುತ್ತಾರೆ; ಆದರೆ ಈ ತಿಂಡಿಯ ಇತಿಹಾಸದ ತಿರುಳಿರುವುದು ಕಣಕದಲ್ಲಿ ಎಂದೇ ನನ್ನ ಅಭಿಪ್ರಾಯ.

ಮಧ್ಯಯುಗದ ಯುರೋಪಿನಲ್ಲಿ ಹಿಟ್ಟಿನ ದಪ್ಪ ಗೋಡೆಯು ಬಹುಮಟ್ಟಿಗೆ ಪಾತ್ರೆಯ ಕೆಲಸ ಮಾಡುತ್ತಿತ್ತು. ಒಳಗಿನದು ಬೇಯಲು ಅದು ಬೇಕಾಗಿತ್ತೇ ಹೊರತು ಅದರ ರುಚಿಗೆ ಹೆಚ್ಚಿನ ಮಹತ್ವವಿರಲಿಲ್ಲ. ಸಿಹಿಗೂ ಖಾರಕ್ಕೂ ಆಗ ಇಂದಿನಂತೆ ಗೆರೆ ಎಳೆದಿರಲಿಲ್ಲ. ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ದಾಖಲಿಸಿದ ವಿಧಾನಗಳಲ್ಲಿ ಚೀಸ್, ಮೊಟ್ಟೆಯ ಹಳದಿ, ಶುಂಠಿ, ಕೇಸರಿ, ಸಕ್ಕರೆಗಳನ್ನು ಕೂಡಿಸಿದ ಟಾರ್ಟ್ ಇದೆ; ಮಾಂಸದ ಟಾರ್ಟಿಗೂ ಸಕ್ಕರೆ ಬೀಳುತ್ತದೆ. ಸಕ್ಕರೆ ಅಂದು ಸಂಬಾರ ಪದಾರ್ಥಗಳಷ್ಟೇ ದುಬಾರಿಯಾಗಿತ್ತು. ಮುಂದೆ ಪೋರ್ಚುಗೀಸರು ಹದಿನೈದನೆಯ ಶತಮಾನದಲ್ಲಿ ಮದೈರಾ ದ್ವೀಪದಲ್ಲಿಯೂ ನಂತರ ಬ್ರೆಜಿಲ್‌ನಲ್ಲಿಯೂ ಕಬ್ಬು ಬೆಳೆಸಿದ ಮೇಲೆ ಅದು ಯುರೋಪಿಗೆ ಹೇರಳವಾಗಿ ಬರತೊಡಗಿತು. ಆ ಗದ್ದೆಗಳಲ್ಲಿ ದುಡಿದವರು ಗುಲಾಮರೆಂಬುದನ್ನು ಈ ಸಿಹಿಯ ಚರಿತ್ರೆ ಬರೆಯುವವರು ಬಿಟ್ಟುಬಿಡಬಾರದು.

ಕಣಕವೇ ತಿನಿಸಾದುದಕ್ಕೆ ನಾನು ಕೊಡುವ ಉದಾಹರಣೆ ಆಸ್ಟ್ರಿಯಾದ ಲಿಂಜ್ ನಗರದ ಟಾರ್ಟ್. ಅದರ ಪಾಕವಿಧಾನ ಅಡ್ಮಾಂಟ್ ಮಠದ ಗ್ರಂಥಾಲಯದಲ್ಲಿರುವ 1653ರ ಹಸ್ತಪ್ರತಿಯೊಂದರಲ್ಲಿ ಸಿಕ್ಕಿದೆ. ಅದರಲ್ಲಿ ಬಾದಾಮಿಯಂತಹ ಬೀಜಗಳ ಪುಡಿ, ದಾಲ್ಚಿನ್ನಿ ಎಲ್ಲವೂ ಹಿಟ್ಟಿಗೇ ಸೇರುತ್ತವೆ. ಹುಳಿಮಿಶ್ರಿತ ಕೆಂಪು ಜಾಮ್ ತೆಳುವಾಗಿ ಹರಡಿ, ಮೇಲೆ ಅದೇ ಹಿಟ್ಟಿನ ಪಟ್ಟಿಗಳನ್ನು ಜಾಲರಿಯಂತೆ ಹೆಣೆಯುತ್ತಾರೆ.

ನಾನಿರುವ ಲಿಸ್ಬನ್ನಿನ ಹೆಮ್ಮೆಯಾದ, ಮೊಟ್ಟೆಯ ಕಸ್ಟರ್ಡ್ ತುಂಬಿದ ಪುಟ್ಟ ಟಾರ್ಟ್ ಪಾಸ್ಟೆಲ್ ದ ನಾಟಾ ಹುಟ್ಟಿದ್ದು ಇಲ್ಲಿನ ಬೆಲೆಂ ಬಡಾವಣೆಯ ಜೆರೋನಿಮೋಸ್ ಮಠದಲ್ಲಿ ಎಂದು ಹೇಳುತ್ತಾರೆ. ಮಠಗಳಲ್ಲಿ ಉಡುಪುಗಳಿಗೆ ಗಂಜಿ ಹಾಕಲು ಮೊಟ್ಟೆಯ ಬಿಳಿಯನ್ನು ಬಳಸುತ್ತಿದ್ದುದರಿಂದ ಉಳಿದ ಹಳದಿಯೆಲ್ಲ ಸಿಹಿತಿಂಡಿಗಳಿಗೆ ಹೋಯಿತಂತೆ. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿಸಿತು. 1837ರಲ್ಲಿ ಪಕ್ಕದಲ್ಲೇ ತೆರೆದ ಅಂಗಡಿ ಅದೇ ವಿಧಾನವನ್ನು ಇಂದಿಗೂ ಗುಟ್ಟಾಗಿಟ್ಟು ನಡೆಯುತ್ತಿದೆ. ಇಲ್ಲಿನ ಸಾಮಾನ್ಯ ಬೇಕರಿಗಳಲ್ಲಿ ಮಾಡುವ ಕ್ರಮವಂತೂ ನೋಡಲು ಬಹಳ ಚೆನ್ನ. ಬೆಣ್ಣೆ ಸವರಿ ಪದರ ಪದರವಾಗಿ ಮಡಿಸಿದ ಹಾಳೆಯನ್ನು ಸುರುಳಿ ಸುತ್ತಿ, ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದನ್ನೂ ಪುಟ್ಟ ಅಚ್ಚಿನಲ್ಲಿಟ್ಟು, ನೀರಿನಲ್ಲಿ ಅದ್ದಿದ ಹೆಬ್ಬೆರಳಿನಿಂದ ಅಂಚಿನವರೆಗೆ ಒತ್ತುತ್ತಾ ಏರಿಸುತ್ತಾರೆ. ಅತಿ ಕಾವಿನ ಓವನ್‌ನಲ್ಲಿ ಕಣಕದ ನೀರಿನಂಶ ಆವಿಯಾಗಿ ಪದರಗಳನ್ನು ಬಿಡಿಸುತ್ತದೆ, ಕಸ್ಟರ್ಡಿನ ಮೇಲ್ಮೈ ಅಲ್ಲಲ್ಲಿ ಕಪ್ಪಾಗುತ್ತದೆ. ಆ ಕಪ್ಪು ಕಲೆಗಳಿಲ್ಲದಿದ್ದರೆ ರುಚಿ ಸಪ್ಪೆಯೇ ಸರಿ.

ಫ್ರೆಂಚರ ಹಣ್ಣಿನ ಟಾರ್ಟ್‌ಗಳಲ್ಲಿ ಕಣಕ ಪದರಾಗಬೇಕಿಲ್ಲ, ಪುಡಿಪುಡಿಯಾಗಬೇಕು. ತಣ್ಣನೆಯ ಬೆಣ್ಣೆಯನ್ನು ಹಿಟ್ಟಿಗೆ ಉದುರಿಸಿದಾಗ ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತಿಕೊಂಡು ಜಿಗುಟು ಬೆಳೆಯದಂತೆ ತಡೆಯುತ್ತದೆ. ಹೆಚ್ಚು ನಾದಿದರೆ ಕೆಟ್ಟಿತು. ಹಣ್ಣಿನ ರಸಕ್ಕೆ ತಳ ಮೆತ್ತಗಾಗದಿರಲೆಂದು ಕಣಕವನ್ನು ಮೊದಲೇ ಬರಿದಾಗಿ ಬೇಯಿಸುವುದುಂಟು, ಬಾದಾಮಿಯ ಲೇಪ ಕೊಡುವುದೂ ಉಂಟು. ಲಾಮೋತ್-ಬ್ಯೂವ್ರೋಂ ಎಂಬ ಊರಿನ ತಾತಾಂ ಸೋದರಿಯರ ಹೋಟೆಲಿನಿಂದ ಹೆಸರಾದ ಸೇಬಿನ ಟಾರ್ಟ್ ಈ ತೊಡಕನ್ನು ಬುಡಮೇಲಾಗಿಯೇ ಬಿಡಿಸುತ್ತದೆ: ಸಕ್ಕರೆ, ಬೆಣ್ಣೆಯಲ್ಲಿ ಕೆಂಪಾದ ಸೇಬು ಕೆಳಗೆ, ಕಣಕ ಮೇಲೆ; ಬೆಂದ ಬಳಿಕ ಮಗುಚಿ ಬಡಿಸುತ್ತಾರೆ. ಅದು ಕೈತಪ್ಪಿನಿಂದ ಹುಟ್ಟಿತೆಂಬ ಕಥೆಯನ್ನು ನಾನು ನಂಬುವುದಿಲ್ಲ. ಅಂತಹ ಮಗುಚಿದ ಟಾರ್ಟ್‌ಗಳು ಆ ಸೀಮೆಯಲ್ಲಿ ಮೊದಲೇ ಇದ್ದವು.

ಹಿಂದೆ ಪೋರ್ಚುಗೀಸರ ಆಡಳಿತವಿದ್ದ, ಚೀನಾದ ಮಕಾವುದಲ್ಲಿ ಇಂದು ಮನೆಮಾತಾಗಿರುವ ಮೊಟ್ಟೆ ಟಾರ್ಟನ್ನು 1989ರಲ್ಲಿ ಅಲ್ಲಿನ ಕೊಲೊಆನ್‌ನಲ್ಲಿ ಬೇಕರಿ ತೆರೆದ ಆಂಡ್ರ್ಯೂ ಸ್ಟೋ ಎಂಬ ಇಂಗ್ಲಿಷರು ಪ್ರಸಿದ್ಧಿಗೆ ತಂದರು. ಲಿಸ್ಬನ್ನಿನ ತಿಂಡಿಯನ್ನು ಆಧರಿಸಿ, ಅದಕ್ಕೆ ತಮ್ಮ ನಾಡಿನ ಕಸ್ಟರ್ಡಿನ ಗುಣ ಬೆರೆಸಿದರು.

ಈ ಪತ್ರವನ್ನು ಅಮ್ಮನಿಗೂ ಓದಿ ಹೇಳಿ. ಅಮ್ಮನ ಚರಣಗಳಿಗೆ ನಮಸ್ಕಾರಗಳು, ತಮ್ಮನಿಗೆ ಆಶೀರ್ವಾದಗಳು.

ಇತಿ ತಮ್ಮ ಪ್ರೀತಿಯ ಮಗಳು