ಅಮ್ಮನ ತೆನೆ ಹಬ್ಬ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ. ಮಂಗಳೂರಿನ ಕೆಥೊಲಿಕರಿಗೆ ಅದು ಮಾತೆ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಅಮ್ಮ ಇಲ್ಲದ ಮೊದಲ ಹಬ್ಬ ನಮಗಿದು.

ನಾವು ಚಿಕ್ಕವರಿದ್ದಾಗ ಹಬ್ಬಕ್ಕೆ ಮುಂಚಿನ 9 ದಿನವೂ ಹೂವಿನ ಬುಟ್ಟಿ ಕೊಟ್ಟು ಚರ್ಚಿಗೆ ಕಳಿಸುತ್ತಿದ್ದರು. ಹಬ್ಬದ ದಿನ ಆಶೀರ್ವಾದದ ತೆನೆ ಸುಲಿದು, ಅಕ್ಕಿ ಪುಡಿ ಮಾಡಿ ಪಾಯಸಕ್ಕೆ ಹಾಕಿದರೆ ಮೊದಲ ಲೋಟ ಪಕ್ಕದ ಮನೆಯ ಒಂಟಿ ಅಜ್ಜಿಗೆ. ಅಜ್ಜಿಯ ದೇವರ ಕೋಣೆಗೂ ದಾಸವಾಳ ಕೊಯ್ದು ಕೊಡುತ್ತಿದ್ದುದು ಅಮ್ಮನೇ. ಅಜ್ಜಿ ಹಾಸಿಗೆ ಹಿಡಿದಾಗ 3 ವರ್ಷ ದಿನಾ ಮೈ ಒರೆಸಿ, ಗಂಜಿ ಕುಡಿಸಿದರು. ಸಂಜೆ ಜಪಸರ ಹಿಡಿದರೆ ಕೇರಿಯ ಕಾಯಿಲೆಯವರ ಹೆಸರೆಲ್ಲ ಪ್ರಾರ್ಥನೆಯಲ್ಲಿ ಬರುತ್ತಿತ್ತು. ಆ ಮಣಿಗಳು ಸವೆದು ನುಣುಪಾಗಿವೆ.

ಈ ಸಲ ಹಬ್ಬದ ಪಾಯಸ ನಿಮ್ಮ ಪಕ್ಕದ ಮನೆಗೂ ಹೋಗಲಿ, ಅಲ್ವಾ?

– ಓದುಗ, ಮಂಗಳೂರು